ದೇರಾದ ರೂಮಿನ ಪ್ರಶ್ನೆ, ಎರಡು ಸೋಲುಗಳ ವಿಚಾರಣೆ

ದುಬೈಯ ದೇರಾದಲ್ಲಿ, ನಾಯಿಫ್ ರಸ್ತೆಯ ಹಿಂದಿನ ಗಲ್ಲಿಯೊಂದರ ಮೂರನೆಯ ಮಾಳಿಗೆಯಲ್ಲಿ ನಮ್ಮ ರೂಮು ಇತ್ತು. ಆರು ಮಂಚ, ಒಂದು ಎಸಿ, ಒಂದು ಟೀವಿ. 1983ರಲ್ಲಿ ನಾನು ಮಂಜೇಶ್ವರದಿಂದ ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ, ಅಲ್ಲಿ ವಿಮಾನ ಹತ್ತಿ ಇಲ್ಲಿಗೆ ಬಂದಾಗ ಬಾಗಿಲ ಪಕ್ಕದ ಮಂಚ ನನ್ನ ಪಾಲಿಗೆ ಬಂತು. ಉಳಿದ ಐವರಲ್ಲಿ ಇಬ್ಬರು ಉಳ್ಳಾಲದವರು, ಒಬ್ಬ ಉಪ್ಪಳದವನು, ಒಬ್ಬ ತೃಕ್ಕರಿಪುರದ ಡ್ರೈವರ್. ಕಿಟಕಿಯ ಪಕ್ಕದ ಮಂಚ ಕುಂಬಳೆಯ ಅಣ್ಣನದು. ಹೆಸರು ಹಿಡಿದು ಅವರನ್ನು ಯಾರೂ ಕರೆದದ್ದಿಲ್ಲ. ನಮ್ಮೆಲ್ಲರಿಗಿಂತ ಮೊದಲು ಬಂದವರು, ಗಂಜಿ ಬೇಯಿಸುವ ಸರದಿ ತಪ್ಪಿಸದವರು, ರೂಮಿನ ಬಾಡಿಗೆಯ ಲೆಕ್ಕ ಇಡುವವರು. ಅವರಿಗೆ ಇನ್ನೊಂದು ಹುದ್ದೆಯೂ ಇತ್ತು. ನಾವು ನೋಡಿದ, ಕೇಳಿದ, ಆಡಿದ ಯಾವ ಪಂದ್ಯ ಸೋತರೂ ಅದರ ವಿಚಾರಣೆ ನಡೆಸುವವರು ಅವರೇ.

ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಅಣ್ಣ ಊರಿನಲ್ಲಿ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಕರ್ಣಪರ್ವವೆಂದರೆ ಅವರಿಗೆ ಜೀವ. ಕರ್ಣನನ್ನು ಕೊಂದದ್ದು ಅರ್ಜುನನ ಬಾಣ ಎಂದು ಯಾರಾದರೂ ಹೇಳಿದರೆ ಅಣ್ಣ ಬೆರಳು ಮಡಿಸುತ್ತಿದ್ದರು: ಪರಶುರಾಮನ ಶಾಪ, ಬ್ರಾಹ್ಮಣನ ಶಾಪ, ಇಂದ್ರ ಬೇಡಿ ಒಯ್ದ ಕವಚ ಕುಂಡಲ, ಕುಂತಿ ಕೇಳಿ ಪಡೆದ ಮಾತು, ರಥದಲ್ಲೇ ಕುಳಿತು ಎದೆಗುಂದಿಸಿದ ಶಲ್ಯ, ಕೊನೆಗೆ ಕೃಷ್ಣ. "ಬಾಣ ಬಿಟ್ಟದ್ದು ಯಾರು ಅಂತ ಕುರುಡನೂ ಹೇಳಿಯಾನು. ಎಲ್ಲಿ ಕೆಟ್ಟಿತು, ಅದನ್ನು ಹೇಳು ಮಾರಾಯ" ಎನ್ನುತ್ತಿದ್ದರು. ಪಂದ್ಯಕ್ಕೂ ಅದೇ ಪ್ರಶ್ನೆ. ಯಾರು ಕೆಡಿಸಿದ್ದು ಎಂದು ಅವರು ಕೇಳಿದ್ದನ್ನು ನಾನು ಕೇಳಿಲ್ಲ. ಎಲ್ಲಿ ಕೆಟ್ಟಿತು ಎಂದೇ ಕೇಳುವವರು.

ಆ ಪ್ರಶ್ನೆ ನನಗೆ ಯಾಕೆ ಅಷ್ಟು ಹಿಡಿಸಿತು ಎಂಬುದಕ್ಕೆ ಕಾರಣ ಇದೆ. 1979ರಲ್ಲಿ ಮಂಗಳೂರಿನ ನೆಹರೂ ಮೈದಾನದಲ್ಲಿ ಕಾಲೇಜುಗಳ ನಡುವಿನ ಫುಟ್‌ಬಾಲ್ ಫೈನಲ್‌ನಲ್ಲಿ ನಾನು ರೈಟ್ ಬ್ಯಾಕ್ ಆಡುತ್ತಿದ್ದೆ. ಗೋಲಿಲ್ಲದ ಪಂದ್ಯ, ಮುಗಿಯಲು ನಾಲ್ಕು ನಿಮಿಷ. ಕಾರ್ನರ್‌ನಿಂದ ಬಂದ ಚೆಂಡು ನನ್ನ ಮೊಣಕೈಗೆ ತಾಗಿತು. ಪೆನಾಲ್ಟಿ, ಗೋಲು, ಸೋಲು. ಕಾಲೇಜು ಬಿಡುವವರೆಗೂ ಹಾಸ್ಟೆಲಿನಲ್ಲಿ ನನ್ನ ಹೆಸರು "ಕೈ". ಕ್ಯಾಂಟೀನಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆಯೂಟದ ಪಂಕ್ತಿಯಲ್ಲಿ ಅದೇ ಮಾತು. ಹಿಂದಿನ ಇಪ್ಪತ್ತು ನಿಮಿಷ ನಮ್ಮ ತಂಡದವರೊಬ್ಬರೂ ನಡುಗೆರೆ ದಾಟಿರಲಿಲ್ಲ, ಸಾಲಾಗಿ ಐದು ಕಾರ್ನರ್ ಬಿಟ್ಟುಕೊಟ್ಟಿದ್ದೆವು ಎಂಬುದನ್ನು ಒಬ್ಬರೂ ಎತ್ತಲಿಲ್ಲ. ರೂಮಿಗೆ ಬಂದ ಮೊದಲ ವಾರ ಈ ಕಥೆ ಹೇಳಿದಾಗ ಕುಂಬಳೆಯ ಅಣ್ಣ ಕೇಳಿದ್ದು ಒಂದೇ: "ಆ ಕಾರ್ನರ್ ಯಾಕೆ ಸಿಕ್ಕಿತು ಅವರಿಗೆ?" ನಾಲ್ಕು ವರ್ಷದ ಭಾರ ಆ ಹೊತ್ತಿಗೆ ಇಳಿಯಿತು.

ಕೊಲ್ಲಿಯ ರೂಮುಗಳ ಚರಿತ್ರೆ ಬರೆಯುವವರು ಸಂಬಳ, ವೀಸಾ, ಊರಿಗೆ ಕಳಿಸಿದ ಹಣ ಇವನ್ನು ಬರೆಯುತ್ತಾರೆ. ಗುರುವಾರ ರಾತ್ರಿಯ ಈ ವಾದಗಳನ್ನೂ ಬರೆಯಬೇಕು ಎಂದು ನನಗೆ ಅನ್ನಿಸುತ್ತದೆ. ಆಗ ಶುಕ್ರವಾರ ರಜೆ. ವಾರದಲ್ಲಿ ಅದೊಂದೇ ರಾತ್ರಿ ನಿದ್ದೆಗೆ ಗಡಿಯಾರ ಇರಲಿಲ್ಲ. ಕೆಳಗಿನ ಕೆಫೆಟೇರಿಯಾದಿಂದ ಸುಲೈಮಾನಿ ಚಹಾ ಬರುತ್ತಿತ್ತು, ಪೊರೋಟ ಬರುತ್ತಿತ್ತು. ಊರಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ಆಡಿದ ಸೆವೆನ್ಸ್ ಫುಟ್‌ಬಾಲ್ ಪಂದ್ಯಗಳಿಂದ ಹಿಡಿದು ರೇಡಿಯೋದಲ್ಲಿ ಕೇಳಿದ ಟೆಸ್ಟಿನವರೆಗೆ ಎಲ್ಲದಕ್ಕೂ ಅಲ್ಲಿ ಕಟಕಟೆ ಇತ್ತು. ದೂರದ ನೆಲದಲ್ಲಿ ಮಾಲೀಕನ ಮುಂದೆ ಬಾಯಿ ಬಿಡಲಾಗದ ಜನ ಅಲ್ಲಿ ತಮ್ಮ ತರ್ಕವನ್ನು ಪೂರ್ತಿ ಮಾಡಿ ಮಲಗುತ್ತಿದ್ದರು.

ರೂಮಿನ ಮೊದಲ ದೊಡ್ಡ ವಿಚಾರಣೆ 1986ರ ಏಪ್ರಿಲ್ 18ರದ್ದು. ಶುಕ್ರವಾರ. ಶಾರ್ಜಾದಲ್ಲಿ ಅಬ್ದುಲ್ ರಹಮಾನ್ ಬುಖಾತಿರ್ ಕಟ್ಟಿಸಿದ ಕ್ರಿಕೆಟ್ ಮೈದಾನ, ಆಸ್ಟ್ರಲ್-ಏಷ್ಯಾ ಕಪ್ ಫೈನಲ್, ಭಾರತ ಮತ್ತು ಪಾಕಿಸ್ತಾನ. ನಾವು ನಾಲ್ವರು ಡ್ರೈವರನ ಪಿಕಪ್ಪಿನಲ್ಲಿ ಹೋಗಿದ್ದೆವು. ಕೊನೆಯ ಓವರಿಗೆ ಪಾಕಿಸ್ತಾನಕ್ಕೆ 11 ರನ್ ಬೇಕಿತ್ತು. ಬೌಲರ್ ಚೇತನ್ ಶರ್ಮಾ, ಇಪ್ಪತ್ತು ವರ್ಷದ ಹುಡುಗ. ಆ ಓವರಿನಲ್ಲಿ ಎರಡು ವಿಕೆಟ್ ಬಿದ್ದವು, ಒಂದು ರನೌಟ್, ಒಂದು ಬೌಲ್ಡ್. ಕೊನೆಯ ಚೆಂಡಿಗೆ ನಾಲ್ಕು ರನ್, ಕೈಯಲ್ಲಿ ಒಂದು ವಿಕೆಟ್. ಯಾರ್ಕರ್ ಹಾಕಲು ಹೋದದ್ದು ಫುಲ್‌ಟಾಸ್ ಆಯಿತು. ಜಾವೇದ್ ಮಿಯಾಂದಾದ್ ಅದನ್ನು ಲೆಗ್ ಬದಿಗೆ ಎತ್ತಿ ಸಿಕ್ಸರ್ ಬಾರಿಸಿದರು. 116 ರನ್, ಔಟಾಗದೆ. ಪಿಕಪ್ಪಿನ ಹಿಂಬದಿಯಲ್ಲಿ ಕುಳಿತು ದೇರಾಕ್ಕೆ ಬರುವಾಗ ಒಬ್ಬರೂ ಮಾತಾಡಲಿಲ್ಲ. ಕಟ್ಟಡದ ಕೆಳಗೆ ಪೇಶಾವರದ ಟ್ಯಾಕ್ಸಿ ಡ್ರೈವರುಗಳು ಮಿಠಾಯಿ ಹಂಚುತ್ತಿದ್ದರು. ನಮ್ಮ ಕೈಗೂ ಇಟ್ಟರು, ಅಕ್ಕರೆಯಿಂದಲೇ ಇಟ್ಟರು. ಕುಂಬಳೆಯ ಅಣ್ಣ ಒಬ್ಬರೇ ಅದನ್ನು ಬಾಯಿಗೆ ಹಾಕಿಕೊಂಡದ್ದು.

ಆ ರಾತ್ರಿ ಉಪ್ಪಳದವನು ಚೇತನ್ ಶರ್ಮಾನಿಗೆ ಕೊಟ್ಟ ಶಾಪಗಳನ್ನು ಬರೆಯಲಾರೆ. ಅಣ್ಣ ಸ್ಕೋರು ಬರೆದ ಸಿಗರೇಟು ಪ್ಯಾಕಿನ ಕಾಗದ ಕೇಳಿದರು. ಅದರಲ್ಲಿ ನಮ್ಮ ಇನ್ನಿಂಗ್ಸ್ ಇತ್ತು. ಗಾವಸ್ಕರ್ 92, ಶ್ರೀಕಾಂತ್ 75, ವೆಂಗ್‌ಸರ್ಕಾರ್ 50. ಮೊದಲ ವಿಕೆಟ್ಟಿಗೆ 117. ಒಂದೇ ವಿಕೆಟ್ ಹೋಗಿ ಮೊತ್ತ 216. ಅಲ್ಲಿಂದ ಮುಂದೆ 245ಕ್ಕೆ ಏಳು. ಎಂದರೆ ಆರು ವಿಕೆಟ್ಟಿಗೆ ಸೇರಿಸಿದ್ದು 29 ರನ್. "ಇಲ್ಲಿ ಕೆಟ್ಟಿತು" ಎಂದು ಅಣ್ಣ 216ರ ಕೆಳಗೆ ಗೆರೆ ಎಳೆದರು. ಆಮೇಲೆ ಐದನೆಯ ಚೆಂಡಿಗೆ ಬಂದರು. ಹನ್ನೊಂದನೆಯವನಾಗಿ ಬಂದ ತೌಸೀಫ್ ಅಹಮದ್ ಚೆಂಡನ್ನು ತಟ್ಟಿ ಓಡಿದಾಗ ಅಜರುದ್ದೀನ್ ಎಸೆದ ಚೆಂಡು ಸ್ಟಂಪಿಗೆ ತಾಗಲಿಲ್ಲ. ತಾಗಿದ್ದರೆ ಆರನೆಯ ಚೆಂಡೇ ಇರುತ್ತಿರಲಿಲ್ಲ. ಭಾರತದ ಆ ಪೀಳಿಗೆಯ ಅತ್ಯಂತ ಚುರುಕು ಕೈ ಅಜರುದ್ದೀನರದು; ಅವರನ್ನು ದೂರಲು ನಮಗೆ ಯಾರಿಗೂ ಮನಸ್ಸಾಗಲಿಲ್ಲ. ಚೇತನ್‌ನನ್ನು ದೂರುವುದು ಸುಲಭ, ಯಾಕೆಂದರೆ ಕಣ್ಣಲ್ಲಿ ಕೊನೆಗೆ ಉಳಿದ ಚಿತ್ರ ಅವನದು. ಅಂದು ಭಾರತದ ಬೌಲರುಗಳಲ್ಲಿ ಹೆಚ್ಚು ವಿಕೆಟ್, ಮೂರು, ಪಡೆದವನೂ ಅವನೇ ಎಂಬುದು ಅದೇ ಕಾಗದದಲ್ಲಿತ್ತು. ಮರುವರ್ಷ ನಾಗಪುರದಲ್ಲಿ ನ್ಯೂಜಿಲೆಂಡ್ ವಿರುದ್ಧ ವಿಶ್ವಕಪ್ಪಿನ ಮೊಟ್ಟಮೊದಲ ಹ್ಯಾಟ್ರಿಕ್ ಪಡೆದದ್ದೂ ಅವನೇ. ಆದರೂ ಇಂದಿಗೂ ನಮ್ಮ ಊರಲ್ಲಿ ಅವನ ಹೆಸರು ಹೇಳಿದರೆ ಮೊದಲು ಬರುವುದು ಆ ಒಂದು ಚೆಂಡು. ಇದು ಅನ್ಯಾಯ ಎಂದು ನಾನು ನಲವತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ.

ಹತ್ತು ವರ್ಷದ ನಂತರ ಇನ್ನೊಬ್ಬರ ಸೋಲನ್ನು ಹತ್ತಿರದಿಂದ ನೋಡುವ ಅವಕಾಶ ಬಂತು. 1996ರ ಡಿಸೆಂಬರ್ 21, ಅಬುಧಾಬಿಯ ಜಾಯೆದ್ ಸ್ಪೋರ್ಟ್ಸ್ ಸಿಟಿಯಲ್ಲಿ ಏಷ್ಯಾ ಕಪ್ ಫುಟ್‌ಬಾಲ್ ಫೈನಲ್. ಆತಿಥೇಯ ಎಮಿರೇಟ್ಸ್ ಮತ್ತು ಸೌದಿ ಅರೇಬಿಯಾ. 120 ನಿಮಿಷ ಆಡಿದರೂ ಗೋಲಿಲ್ಲ. ಪೆನಾಲ್ಟಿಯಲ್ಲಿ ಸೌದಿ 4-2. ಆಗ ನಮ್ಮ ಕಂಪನಿಯ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಸ್ಥಳೀಯ ಹಿರಿಯರೊಬ್ಬರು ಸೋಮವಾರ ಆಫೀಸಿಗೆ ಬಂದು ಗಾಹ್ವಾ ಕುಡಿಯುತ್ತ ಸುಮ್ಮನೆ ಕುಳಿತರು. ನಾನು ಪೆನಾಲ್ಟಿ ತಪ್ಪಿಸಿದವರ ಮಾತೆತ್ತಿದೆ. ಅವರು ತಲೆ ಅಲ್ಲಾಡಿಸಿದರು. "ಸ್ವಂತ ಮನೆಯಂಗಳದಲ್ಲಿ ಎರಡು ಗಂಟೆ ಸಿಕ್ಕಿತ್ತು. ಒಂದು ಗೋಲು ಹೊಡೆಯಲಾಗದವರು ಆಮೇಲೆ ನಸೀಬನ್ನು ಕೇಳಬಾರದು" ಎಂದರು. ಕುಂಬಳೆಯ ಅಣ್ಣನಿಗೆ ಈ ಮಾತು ಹೇಳಿದಾಗ ಅವರು ಬಹಳ ಹೊತ್ತು ಮೆಚ್ಚಿ ನಕ್ಕರು.

ಭಾರತದ ಫುಟ್‌ಬಾಲಿಗೂ ಇಂಥ ಹಳೆಯ ಗಾಯಗಳಿವೆ, ಅದರಲ್ಲಿ ಒಂದಕ್ಕೆ ಬೆಂಗಳೂರಿನ ನಂಟಿದೆ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ವಿರುದ್ಧ ಆಡಿತು, ಹೆಚ್ಚಿನವರು ಬರಿಗಾಲಲ್ಲಿ. ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಕೂಡ ಇದ್ದರು. ಎರಡು ಪೆನಾಲ್ಟಿ ಕೈತಪ್ಪಿದವು, ಕೊನೆಯ ನಿಮಿಷಗಳಲ್ಲಿ ಫ್ರಾನ್ಸ್ ಗೋಲು ಹೊಡೆದು 2-1ರಿಂದ ಗೆದ್ದಿತು. ಪೆನಾಲ್ಟಿ ತಪ್ಪಿಸಿದವರಲ್ಲಿ ಒಬ್ಬರು ಶೈಲೇನ್ ಮನ್ನಾ. ಅವರು ಮುಂದೆ ನಾಯಕರಾಗಿ 1951ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು ಎಂಬುದು ನನಗೆ ಬಹಳ ದೊಡ್ಡ ಸಮಾಧಾನ. ಎಲ್ಲರಿಗೂ ಅಂಥ ಎರಡನೆಯ ಅವಕಾಶ ಸಿಗುವುದಿಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಪಂದ್ಯಕ್ಕೆ ಬರುತ್ತೇನೆ.

2019ರ ಜನವರಿ. ಏಷ್ಯಾ ಕಪ್ ಮತ್ತೆ ಎಮಿರೇಟ್ಸ್‌ಗೆ ಬಂದಿತ್ತು, ಮೊದಲ ಬಾರಿಗೆ 24 ತಂಡ. ಭಾರತ 1964ರಲ್ಲಿ ಎರಡನೆಯ ಸ್ಥಾನ ಪಡೆದ ಮೇಲೆ ಈ ಕೂಟದಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. 2011ರಲ್ಲಿ ಮೂರನ್ನೂ ಸೋತಿತ್ತು, ಬಹರೇನ್ ಎದುರು 5-2. ಈ ಸಲ ಜನವರಿ 6ರಂದು ಅಬುಧಾಬಿಯ ಅಲ್ ನಹ್ಯಾನ್ ಕ್ರೀಡಾಂಗಣದಲ್ಲಿ ಥಾಯ್ಲೆಂಡನ್ನು 4-1ರಿಂದ ಹೊಡೆದುಹಾಕಿತು. ಸುನಿಲ್ ಛೆತ್ರಿ ಎರಡು, ಅನಿರುದ್ಧ ಥಾಪಾ ಒಂದು, ಜೇಜೆ ಒಂದು. ಮರುದಿನವೇ ಥಾಯ್ಲೆಂಡ್ ತನ್ನ ಕೋಚನ್ನು ಮನೆಗೆ ಕಳಿಸಿತು. ದುಬೈಯ ಕೆಫೆಟೇರಿಯಾಗಳಲ್ಲಿ ಕ್ರಿಕೆಟ್ ಬಿಟ್ಟು ಬೇರೆ ಆಟದ ಮಾತು ಅಷ್ಟು ಬಿಸಿಯಾಗಿದ್ದನ್ನು ನಾನು ಕಂಡದ್ದು ಅದೇ ವಾರ. ಛೆತ್ರಿ, ಗೋಲ್‌ಕೀಪರ್ ಗುರುಪ್ರೀತ್, ಉದಾಂತ ಸಿಂಗ್ ಮೂವರೂ ಬೆಂಗಳೂರು ಎಫ್‌ಸಿಯವರು. ಹಾಗಾಗಿ ಕನ್ನಡಿಗರಿಗೆ ತಂಡ ನಮ್ಮದೇ ಎನ್ನಿಸಿತ್ತು. ಕೇರಳದವರಿಗೆ ಅನಸ್ ಮತ್ತು ಆಶಿಕ್ ಇದ್ದರು.

ಗುರುವಾರ 10ರಂದು ಆತಿಥೇಯರ ವಿರುದ್ಧದ ಪಂದ್ಯಕ್ಕೆ ನಾವು ಅಬುಧಾಬಿಗೆ ಹೋದೆವು. ರೂಮು ಚದುರಿ ಬಹಳ ವರ್ಷವಾಗಿತ್ತು. ನಾನು ಸಂಸಾರದೊಂದಿಗೆ ಬಾಡಿಗೆ ಕಡಿಮೆಯೆಂದು ಶಾರ್ಜಾದಲ್ಲಿದ್ದೆ, ಅಣ್ಣ ಕುಂಬಳೆಗೆ ಹಿಂದಿರುಗಿ ಎಪ್ಪತ್ತು ದಾಟಿದ್ದರು. ತೃಕ್ಕರಿಪುರದವನ ಮಗ ಕಾರು ಓಡಿಸಿದ. ಆ ರಾತ್ರಿ 2-0 ಸೋತೆವು, ಆದರೆ ತಲೆ ತಗ್ಗಿಸುವ ಸೋಲಲ್ಲ. ಒಂದು ಗೋಲು ಹಿಂದಿದ್ದಾಗ, 55ನೆಯ ನಿಮಿಷದ ಹೊತ್ತಿಗೆ, ಉದಾಂತ ಒದ್ದ ಚೆಂಡು ಕ್ರಾಸ್‌ಬಾರಿಗೆ ಬಡಿದ ಸದ್ದು ಗ್ಯಾಲರಿಯಲ್ಲಿದ್ದ ನನಗೆ ಇವತ್ತಿಗೂ ಕೇಳಿಸುತ್ತದೆ. ಎರಡನೆಯ ಗೋಲು ಬಂದದ್ದು 88ರಲ್ಲಿ.

ಉಳಿದದ್ದು ಬಹರೇನ್. ಸೋಮವಾರ 14, ಶಾರ್ಜಾ ಕ್ರೀಡಾಂಗಣ, ರಾತ್ರಿ. ಡ್ರಾ ಆದರೆ ಸಾಕು, ಭಾರತ ಮೊದಲ ಬಾರಿಗೆ ಗುಂಪು ದಾಟಿ ಹದಿನಾರರ ಘಟ್ಟಕ್ಕೆ. ಹಲಗೆ, ಡೋಲು, ನೀಲಿ ಅಂಗಿ. ನನ್ನ ಹಿಂದಿನ ಸಾಲಿನಲ್ಲಿ ರಾತ್ರಿ ಪಾಳಿ ಬಿಟ್ಟು ಬಂದ ಕಾರ್ಮಿಕರು ಸೈಟಿನ ಬೂಟಿನಲ್ಲೇ ಕುಳಿತಿದ್ದರು. ನಾಲ್ಕನೆಯ ನಿಮಿಷಕ್ಕೆ ಅನಸ್ ಗಾಯಗೊಂಡು ಹೊರಗೆ ನಡೆದ. ಅವನ ಜಾಗಕ್ಕೆ ಸಲಾಂ ರಂಜನ್ ಸಿಂಗ್. ಮೊದಲರ್ಧ ಹೇಗೋ ಸಮಸಮ. ಎರಡನೆಯ ಅರ್ಧದಲ್ಲಿ ನಮ್ಮವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಛೆತ್ರಿ ಕೂಡ ನಡುಗೆರೆಯ ಈಚೆಗೆ ಬಂದು ಚೆಂಡು ಕಸಿಯುತ್ತಿದ್ದರು. ಚೆಂಡನ್ನು ದೂರ ಒದ್ದರೆ ಹಿಡಿಯಲು ಮುಂದೆ ಯಾರೂ ಇಲ್ಲ. ಅದು ಮತ್ತೆ ಅವರ ಕಾಲಿಗೇ. ಪಕ್ಕದವರು ಗಡಿಯಾರ ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ನೆಹರೂ ಮೈದಾನ ಕಾಣಿಸತೊಡಗಿತ್ತು. 90 ತುಂಬಿದ ಮೇಲೆ ನಮ್ಮ ಬಾಕ್ಸಿನೊಳಗೆ ಪ್ರಣಯ್ ಹಾಲ್ದರ್‌ನ ಕಾಲು ಎದುರಾಳಿಗೆ ತಾಗಿತು. ಪೆನಾಲ್ಟಿ. ಜಮಾಲ್ ರಾಶಿದ್ ಹೊಡೆದ. 1-0. ಪ್ರಣಯ್ ಆ ದಿನದ ನಾಯಕ. ತೋಳಿಗೆ ಪಟ್ಟಿ ಕಟ್ಟಿದವನೇ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ.

ಅತ್ತ ಅಲ್ ಐನ್‌ನಲ್ಲಿ ಎಮಿರೇಟ್ಸ್–ಥಾಯ್ಲೆಂಡ್ 1-1. ಎಮಿರೇಟ್ಸ್ 5 ಅಂಕ, ಥಾಯ್ಲೆಂಡ್ 4, ಬಹರೇನ್ 4, ಭಾರತ 3. ಒಂದು ನಿಮಿಷದ ಹಿಂದೆ ಎರಡನೆಯ ಸ್ಥಾನದಲ್ಲಿದ್ದವರು ಗುಂಪಿನ ಕೊನೆಗೆ ಬಿದ್ದೆವು. ಕೋಚ್ ಸ್ಟೀಫನ್ ಕಾನ್‌ಸ್ಟಂಟೈನ್ ಪಂದ್ಯ ಮುಗಿದ ಕೂಡಲೇ ರಾಜೀನಾಮೆ ಕೊಟ್ಟರು. ಮರುದಿನ ಅನಸ್ ಅಂತರರಾಷ್ಟ್ರೀಯ ಫುಟ್‌ಬಾಲಿಗೆ ವಿದಾಯ ಹೇಳಿದ.

ಆ ರಾತ್ರಿ ಕ್ರೀಡಾಂಗಣದ ಹತ್ತಿರದ ಕೆಫೆಟೇರಿಯಾದ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹನ್ನೆರಡು ಜನ ಇದ್ದೆವು. ಕರಕ್ ಚಾಯ್ ಮೇಲೆ ಚಾಯ್. ಬಹುಮತ ಪ್ರಣಯ್ ವಿರುದ್ಧ. ಬಾಕ್ಸಿನೊಳಗೆ ಕಾಲು ಹಾಕಬಾರದು ಎಂಬುದು ಗದ್ದೆಯಲ್ಲಿ ಆಡುವ ಮಕ್ಕಳಿಗೂ ಗೊತ್ತು ಎಂದರು. ಸರಿ, ತಪ್ಪು ಅವನದೇ, ಪೆನಾಲ್ಟಿ ನ್ಯಾಯವಾದದ್ದೇ. ಅದನ್ನು ನಾನು ಅಲ್ಲಗಳೆಯಲಿಲ್ಲ. ಮಲಪ್ಪುರಂನ ಒಬ್ಬರು ಅನಸ್ ಇದ್ದಿದ್ದರೆ ಕಥೆ ಬೇರೆ ಎಂದರು. ಇರಬಹುದು, ಆದರೆ ಸಲಾಂ ರಂಜನ್ 86 ನಿಮಿಷ ಗೋಲು ಬಿಡದೆ ನಿಂತಿದ್ದ. ಡ್ರೈವರನ ಮಗ ಉದಾಂತನ ಕ್ರಾಸ್‌ಬಾರ್ ನೆನಪಿಸಿದ. ನಾನು ಆಗಲೇ ಟಿಶ್ಯೂ ಕಾಗದದ ಮೇಲೆ ಲೆಕ್ಕ ಹಾಕಿದೆ. ಅಬುಧಾಬಿಯಲ್ಲಿ ಆ ಚೆಂಡು ಒಳಗೆ ಹೋಗಿ ಪಂದ್ಯ 1-1 ಆಗಿದ್ದರೆ, ಉಳಿದೆಲ್ಲ ಹಾಗೇ ಇದ್ದು ಬಹರೇನ್ ಎದುರು ಸೋತಿದ್ದರೂ ಭಾರತ, ಬಹರೇನ್, ಥಾಯ್ಲೆಂಡ್ ಮೂವರಿಗೂ 4 ಅಂಕ, ಎಮಿರೇಟ್ಸ್‌ಗೆ 3. ಮೂವರೊಳಗಿನ ಪಂದ್ಯಗಳ ಗೋಲು ಲೆಕ್ಕದಲ್ಲಿ ಭಾರತವೇ ಮುಂದೆ, ಯಾಕೆಂದರೆ ಥಾಯ್ಲೆಂಡನ್ನು 4-1ರಿಂದ ಸೋಲಿಸಿತ್ತು. ಕೊನೆಯ ಸ್ಥಾನದ ತಂಡ ಗುಂಪಿನಲ್ಲಿ ಮೊದಲನೆಯದು. ಕಾಗದ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಎರಡೆರಡು ಸಲ ಕೂಡಿಸಿ ನೋಡಿದರು.

ಆದರೆ ಕ್ರಾಸ್‌ಬಾರ್ ಅದೃಷ್ಟದ ವಿಷಯ. ಅದನ್ನು ಯಾರೂ ಬದಲಿಸಲಾರರು. ಬದಲಿಸಬಹುದಾಗಿದ್ದ ಸಂಗತಿ ಪಂದ್ಯ ಶುರುವಾಗುವ ಮೊದಲೇ ಆಗಿಹೋಗಿತ್ತು. ಥಾಯ್ಲೆಂಡ್ ವಿರುದ್ಧ ಗೋಲು ಹೊಡೆದ, ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಮುಂದೆ ಸಾಗಿಸಬಲ್ಲ ಅನಿರುದ್ಧ ಥಾಪಾನನ್ನು ಹೊರಗೆ ಕೂರಿಸಿ ರೌಲಿನ್ ಬೋರ್ಜಸ್‌ನನ್ನು ಇಳಿಸಿದ್ದರು. ಬೋರ್ಜಸ್ ಒಳ್ಳೆಯ ಆಟಗಾರ, ಆದರೆ ತಡೆಯುವ ಆಟಗಾರ. ನಡುವಿನಲ್ಲಿ ತಡೆಯುವವರು ಇಬ್ಬರಾದರು, ಕಟ್ಟುವವರು ಇಲ್ಲವಾದರು. ಒಂದು ಅಂಕ ಸಾಕು ಎಂಬ ಆಲೋಚನೆ ಹನ್ನೊಂದು ಜನರ ಪಟ್ಟಿಯಲ್ಲೇ ಬರೆದಿತ್ತು. ಕಾಲು ಗಂಟೆ ಕೋಟೆ ಕಾಯಬಹುದು, ತೊಂಬತ್ತು ನಿಮಿಷ ಕಾಯಲು ಆಗದು. ಚೆಂಡು ನಮ್ಮ ಬಾಕ್ಸಿನ ಸುತ್ತಲೇ ತಿರುಗುತ್ತಿದ್ದರೆ ಯಾರದಾದರೊಂದು ದಣಿದ ಕಾಲು ತಪ್ಪಿಯೇ ತಪ್ಪುತ್ತದೆ. ಅಂದು ಅದು ಪ್ರಣಯ್‌ದಾಯಿತು. ಸುಭಾಷಿಷ್ ಬೋಸನದೋ ಪ್ರೀತಂ ಕೋಟಾಲನದೋ ಆಗಬಹುದಿತ್ತು. ಹೆಚ್ಚು ಓಡಿದವನೇ, ಹೆಚ್ಚು ಅಡ್ಡ ಬಿದ್ದವನೇ ಕೊನೆಗೆ ಅಲ್ಲಿ ಇರುತ್ತಾನೆ. ನಾನು ಇದನ್ನು ಪುಸ್ತಕದಿಂದ ಕಲಿತು ಹೇಳುತ್ತಿಲ್ಲ.

ಮನೆಗೆ ಬಂದಾಗ ರಾತ್ರಿ ಒಂದು ಗಂಟೆ, ಊರಲ್ಲಿ ಎರಡೂವರೆ. ಬೆಳಿಗ್ಗೆ ಅಣ್ಣನಿಗೆ ಫೋನ್ ಮಾಡಿದೆ. ಇಲ್ಲಿ ಆಗ ವಾಟ್ಸಾಪಿನಲ್ಲಿ ಕರೆ ಹೋಗುತ್ತಿರಲಿಲ್ಲ, ಬೋಟಿಮ್‌ನಲ್ಲಿ ಮಾಡಬೇಕಿತ್ತು. ಅವರ ಮೊಮ್ಮಗಳು ಅದನ್ನು ಹಾಕಿಕೊಟ್ಟಿದ್ದಳು. ಅವರೂ ನಿದ್ದೆಗೆಟ್ಟು ಪಂದ್ಯ ನೋಡಿದ್ದರು. ಧ್ವನಿ ಸಣ್ಣಗಾಗಿತ್ತು, ಪ್ರಶ್ನೆ ಮಾತ್ರ ಅದೇ.

"ಎಲ್ಲಿ ಕೆಟ್ಟಿತು ಹೇಳು."

ಥಾಪಾನನ್ನು ಕೂರಿಸಿದಲ್ಲಿ ಎಂದೆ. ಅಣ್ಣ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಅಲ್ಲ. ಅದಕ್ಕೂ ಹಿಂದೆ ಹೋಗು. ಮೊದಲ ಪಂದ್ಯ ನಾಲ್ಕು ಗೋಲು ಹೊಡೆದು ಗೆದ್ದವರಿಗೆ ಮೂರನೆಯದರಲ್ಲಿ ಡ್ರಾ ಸಾಕು ಅಂತ ಯಾಕೆ ಅನ್ನಿಸಿತು? ಗೆದ್ದ ಆಟದ ಮೇಲೆ ಅವರಿಗೇ ನಂಬಿಕೆ ಇರಲಿಲ್ಲ" ಎಂದರು. ಆ ಉತ್ತರಕ್ಕೆ ನಾನು ಎದುರು ಹೇಳಲಿಲ್ಲ. ಇವತ್ತಿಗೂ ಅದಕ್ಕಿಂತ ಸರಿಯಾದದ್ದು ನನಗೆ ಹೊಳೆದಿಲ್ಲ.

2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತ ಮೂರೂ ಪಂದ್ಯ ಸೋತಿತು, ಒಂದು ಗೋಲನ್ನೂ ಹೊಡೆಯಲಿಲ್ಲ. 2025ರ ಅಕ್ಟೋಬರ್ 14ರಂದು ಗೋವಾದಲ್ಲಿ ಮೊದಲು ಗೋಲು ಹೊಡೆದೂ ಸಿಂಗಾಪುರಕ್ಕೆ 2-1ರಿಂದ ಸೋತು 2027ರ ಕೂಟಕ್ಕೆ ಅರ್ಹತೆಯನ್ನೇ ಕಳೆದುಕೊಂಡಿತು. ಹದಿನಾರರ ಘಟ್ಟಕ್ಕೆ ಭಾರತ ಅತ್ಯಂತ ಹತ್ತಿರ ಹೋದದ್ದು ಶಾರ್ಜಾದ ಆ ಸೋಮವಾರ ರಾತ್ರಿಯೇ.